ರಸೀದಿ ಪುಸ್ತಕದಲ್ಲಿ ಜೇಡಗಳು

ಮಾರ್ಚ್ 4, ಮಂಗಳವಾರ

ಬಲಗೈಯಲ್ಲಿ ಬರೆಯುತ್ತಿದ್ದೇನೆ. ನಾನು ಎಡಚಿ. ಅಕ್ಷರಗಳು ತೂರಾಡುತ್ತಿವೆ.

ಬೆಳಿಗ್ಗೆ ಎದ್ದರೆ ಎಡಗೈ ತೋರುಬೆರಳು ಉರಿ ಉರಿ. ಡಾಕ್ಟರು ನೋಡಿ ಜೇಡ ಕಚ್ಚಿದೆ ಎಂದರು. ಗಾಯ ಹೇಗಿದೆ ಎಂದು ದಿನಾ ಬರೆದಿಡಬೇಕಂತೆ.

ಗಾಯ: ಷರ್ಟಿನ ಕಾಲರ್ ಗುಂಡಿಯಷ್ಟು. ನಡುವೆ ಬಿಳಿ, ಸುತ್ತ ಬೂದಿ.

ನೋವು: ಕೇಳಲೇಬೇಡಿ.

ಜೇಡ: ಸಿಗಲಿ. ಒಂದು ಕೈ ನೋಡೇ ಬಿಡುತ್ತೇನೆ.

ಮಾರ್ಚ್ 5, ಬುಧವಾರ

ಬರೆಯಲು ಮನೆಯಲ್ಲಿ ಸಿಕ್ಕಿದ್ದು ಅಂಗಡಿಯ ಹಳೆಯ ರಸೀದಿ ಪುಸ್ತಕ. ಫೋನ್ ನಂಬರ್ ತಪ್ಪು ಅಚ್ಚಾಗಿದೆ ಎಂದು ಮಾಲೀಕರು ಎಸೆಯಲು ಹೊರಟಿದ್ದನ್ನು ನಾನು ತಂದಿಟ್ಟುಕೊಂಡಿದ್ದೆ. ವಸ್ತು, ಬಣ್ಣ, ಕಲೆ, ಷರಾ ಎಂದು ನಾಲ್ಕು ಕಾಲಂ. ಪ್ರತಿ ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ‘ಕಲೆ ಹೋಗದಿದ್ದರೆ ಅಂಗಡಿ ಹೊಣೆಯಲ್ಲ.’ ಹಾಳೆಯ ಹಿಂಬದಿ ಖಾಲಿ. ನನಗೆ ಅಷ್ಟು ಸಾಕು.

ನಿನ್ನೆ ಡಾಕ್ಟರು ಐದು ನಿಮಿಷವೂ ನೋಡಲಿಲ್ಲ. ಅಂಗಡಿಯ ಪಕ್ಕದವರೇ. ಅವರ ಬಿಳಿ ಕೋಟಿನ ಕಲೆಗಳೆಲ್ಲ ನನಗೆ ಪರಿಚಯ.

“ಮನೇಲಿ ಜೇಡ ಇದೆಯಾ?” ಎಂದು ಕೇಳಿದರು.

“ಯಾರ ಮನೇಲಿ ಇಲ್ಲ ಡಾಕ್ಟ್ರೇ?”

“ಹಾಗಾದ್ರೆ ಅದೇ.”

ಮುಗಿಯಿತು. ಹತ್ತೊಂಬತ್ತು ವರ್ಷದಿಂದ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕಲೆ ತೆಗೆಯುವ ಮೇಜಿಗೆ ಕೂತವಳು ನಾನು. ಕಣ್ಣು ಮುಚ್ಚಿ ಈ ಬೆರಳಾಡಿಸಿದರೆ ಸಾಕು, ಹಾಲೋ ಎಣ್ಣೆಯೋ ರಕ್ತವೋ ಹೇಳುತ್ತೇನೆ. ಆ ಬೆರಳನ್ನೇ ಹುಡುಕಿಕೊಂಡು ಬಂದು ಕಚ್ಚಿದೆ ಎಂದರೆ ಅದಕ್ಕೆ ಎಷ್ಟು ಕೊಬ್ಬಿರಬೇಕು.

ಮಾರ್ಚ್ 7, ಶುಕ್ರವಾರ

ಇವತ್ತು ಯುದ್ಧ. ನನ್ನ ಕೈಯಲ್ಲಿ ಉದ್ದ ಪೊರಕೆ. ಅತ್ತೆ ಕುರ್ಚಿಯಲ್ಲಿ ಕೂತು ಸೇನಾಪತಿ.

“ಅಲ್ಲಿ ನೋಡೇ, ಬೀರು ಮೇಲೆ! ಬಲಗಡೆ! ನಿನ್ನ ಬಲಗಡೆ ಅಲ್ವೇ, ನನ್ನ ಬಲಗಡೆ!”

ನಾಲ್ಕು ಹೊಡೆದೆ. ಐದನೆಯದಕ್ಕೆ ಪೊರಕೆ ಎತ್ತಿದಾಗ ನಮ್ಮವರು ಬಂದು ಅಡ್ಡ ನಿಂತರು. ಅವರು ಕೈಗಡಿಯಾರ ರಿಪೇರಿ ಮಾಡುವವರು. ಕಿಟಕಿಯ ಪಕ್ಕದ ಮೇಜೇ ಅವರ ಅಂಗಡಿ. ಮೂವತ್ತು ವರ್ಷದ ಸಂಸಾರದಲ್ಲಿ ಅವರು ನನಗೆ ಅಡ್ಡ ನಿಂತದ್ದು ಇದೇ ಮೊದಲು. ಸತ್ತ ಜೇಡವೊಂದನ್ನು ಚಿಮುಟದಲ್ಲಿ ಎತ್ತಿ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು.

“ಎಂಟು ಕಣ್ಣಿವೆ ಕಣೇ ಇದಕ್ಕೆ.”

“ಎಂಟಲ್ಲ, ಎಂಬತ್ತಿರಲಿ. ಜರುಗಿ ಈ ಕಡೆ.”

“ಅಲ್ವೇ, ಎಲ್ಲಾನೂ ಹೊಡೆದು ಹಾಕಿದ್ರೆ ನಿನ್ನ ಕಚ್ಚಿದ್ದು ಯಾವ್ದು ಅಂತ ಗೊತ್ತಾಗೋದು ಹೇಗೆ? ಹಿಡಿಯೋಣ. ನೋಡೋಣ. ಆಮೇಲೆ ನೀನುಂಟು, ಅದುಂಟು.”

ನಾನು ಪೊರಕೆ ಇಳಿಸಿದೆ. ಅವರ ಮಾತಿಗಲ್ಲ, ನನ್ನ ಕೆಲಸದ ಮರ್ಯಾದೆಗೆ. ನನಗೆ ಮೇಜಿನ ಕೆಲಸ ಕಲಿಸಿದ ಮೇಸ್ತ್ರಿ ಮೊದಲ ದಿನ ಹೇಳಿದ್ದು ಒಂದೇ: ಕಲೆ ಯಾವುದೆಂದು ತಿಳಿಯದೆ ಬಟ್ಟೆಗೆ ಹನಿ ನೀರನ್ನೂ ಹಾಕಬೇಡ. ಜೇಡ ಯಾವುದೆಂದು ತಿಳಿಯದೆ ಪೊರಕೆ ಬೀಸುವುದೂ ಅದೇ ತಪ್ಪು.

ಗಾಯ: ಕಾಲರ್ ಗುಂಡಿ ದಾಟಿದೆ. ಷರ್ಟಿನ ಎದೆಯ ಗುಂಡಿಯಷ್ಟು.

ಮಾರ್ಚ್ 8, ಶನಿವಾರ

ಮನೆಯ ಗಾಜಿನ ಲೋಟಗಳೆಲ್ಲ ಬೋರಲಾಗಿವೆ. ಅತ್ತೆ ಸ್ಟೀಲ್ ಲೋಟದಲ್ಲಿ ಕಾಫಿ ಕುಡಿಯುತ್ತ ಗೊಣಗುತ್ತಿದ್ದಾರೆ. ರಸೀದಿ ಹರಿದಿದ್ದೇನೆ. ಒಂದೊಂದು ಲೋಟದ ಕೆಳಗೆ ಒಂದೊಂದು.

ರಸೀದಿ 1. ವಸ್ತು: ಜೇಡ. ಬಣ್ಣ: ಧೂಳು. ಕಾಲು ಎಳೆದಷ್ಟೂ ಉದ್ದ, ಹೊಟ್ಟೆ ಅಕ್ಕಿಕಾಳಿನಷ್ಟು. ಸಿಕ್ಕಿದ್ದು: ಬಚ್ಚಲಿನ ಮೂಲೆ. ಷರಾ: ಊದಿದರೆ ಇಡೀ ಮೈ ಗಡಗಡ ನಡುಗುತ್ತದೆ. ಇದು ಕಚ್ಚಿದ್ದರೆ ನಾಚಿಕೆ ನನಗೆ.

ರಸೀದಿ 2. ಗಿಡ್ಡ. ಕೋಟಿನ ಉಣ್ಣೆಯಂತೆ ಮೈತುಂಬ ರೋಮ. ಸಿಕ್ಕಿದ್ದು: ಕಿಟಕಿ ಚೌಕಟ್ಟು. ಬಲೆ ಇಲ್ಲ, ನೆಗೆಯುತ್ತದೆ. ಷರಾ: ಮುಂದೆ ಎರಡು ದೊಡ್ಡ ಕಣ್ಣು. ನಾನು ಎಡಕ್ಕೆ ಸರಿದರೆ ಅದೂ ತಿರುಗಿ ನೋಡುತ್ತದೆ. ನಮ್ಮವರು ಇದಕ್ಕೆ ಪೊಲೀಸಪ್ಪ ಎಂದು ಹೆಸರಿಟ್ಟರು.

ರಸೀದಿ 3. ಕಂದು. ಚಪ್ಪಟೆ. ಅಂಗೈಯಷ್ಟು ಅಗಲ. ಸಿಕ್ಕಿದ್ದು: ಸಿಕ್ಕಿಲ್ಲ. ಬೀರುವಿನ ಹಿಂದೆ ಹೋಯಿತು. ಷರಾ: ಇದೇ ಇರಬೇಕು. ಇದೇ.

ಮಾರ್ಚ್ 10, ಸೋಮವಾರ

ನಮ್ಮವರು ಲೈಬ್ರರಿಯಿಂದ ಜೇಡಗಳ ಚಿತ್ರದ ಪುಸ್ತಕ ತಂದರು. ವಿಷದ ಜೇಡಗಳಿರುವ ಹಾಳೆಯನ್ನೇ ಯಾರೋ ಹರಿದುಕೊಂಡು ಹೋಗಿದ್ದಾರೆ. ನನ್ನಂಥವಳೇ ಯಾರೋ. ಅವಳಿಗೆ ಶಾಪ ಹಾಕುವಷ್ಟರಲ್ಲಿ ಅವಳ ಗಾಯ ಏನಾಯಿತೋ ಎನಿಸಿತು.

ಮಧ್ಯಾಹ್ನ ಮಾಲೀಕರು ಸೇಬು ಹಿಡಿದುಕೊಂಡು ಬಂದರು. ಎಷ್ಟು ಜನ ಮಾಲೀಕರು ಕೆಲಸದವರ ಮನೆಗೆ ಬರುತ್ತಾರೆ? ಬೋರಲು ಲೋಟಗಳನ್ನು ನೋಡಿ ಕಾಲು ಮೇಲೆತ್ತಿಕೊಂಡೇ ಕೂತರು.

“ಏನೂ ಯೋಚನೆ ಮಾಡ್ಬೇಡಿ ಎಡಚಮ್ಮ. ಔಷಧಿ ಹೊಡೆಯೋರನ್ನ ನಾನೇ ಕಳಿಸ್ತೀನಿ. ಒಂದು ಜೇಡ ಉಳಿಯಲ್ಲ. ಎಷ್ಟು ದಿನ ಬೇಕೋ ರಜೆ ತಗೊಳ್ಳಿ. ಮತ್ತೆ ಕೆಲಸಕ್ಕೆ ಬರೋವಾಗ ಒಂದು ಅರ್ಜಿ, ಅಷ್ಟೆ. ‘ಮನೆಯಲ್ಲಿ ಜೇಡ ಕಚ್ಚಿ ಗಾಯವಾಗಿತ್ತು’ ಅಂತ. ಟೈಪ್ ಮಾಡಿಸೇ ತಂದಿದೀನಿ. ಒಂದು ಸಹಿ ಹಾಕಿ.”

ಬಲಗೈಯಲ್ಲಿ ಪ್ರಯತ್ನಿಸಿದೆ. ಕೋಳಿ ಕೆದರಿದಂತೆ ಬಂತು. “ಇದು ನಿಮ್ಮ ಸಹಿ ಅಂತ ಯಾರು ನಂಬ್ತಾರೆ? ಕೈ ವಾಸಿಯಾದ್ಮೇಲೆ ಹಾಕಿ” ಎಂದು ಕಾಗದ ಮಡಚಿ ಜೇಬಿಗೆ ಇಟ್ಟುಕೊಂಡರು.

ಮಾಲೀಕರು ದೇವರಂಥ ಮನುಷ್ಯ.

ನಡುಕದವಳನ್ನು ಬಚ್ಚಲಿಗೆ, ಪೊಲೀಸಪ್ಪನನ್ನು ಕಿಟಕಿಗೆ ಬಿಟ್ಟೆ. ಲೋಟ ತೊಳೆಯಬೇಕಿತ್ತು.

ಮಾರ್ಚ್ 13, ಗುರುವಾರ

ಪುಸ್ತಕ ಹೇಳುತ್ತದೆ: ಮನೆಯ ಜೇಡಗಳು ಸಾಮಾನ್ಯವಾಗಿ ಮನುಷ್ಯರನ್ನು ಕಚ್ಚುವುದಿಲ್ಲ, ಒತ್ತಿ ಹಿಡಿದರೆ ಮಾತ್ರ. ಸಾಮಾನ್ಯವಾಗಿ! ಅಸಾಮಾನ್ಯವಾಗಿ ಕಚ್ಚಿಸಿಕೊಂಡವಳ ಮುಂದೆ ಈ ಮಾತು. ಹತ್ತು ದಿನದಿಂದ ಹಾಸಿಗೆ ಕೊಡವಿ, ಚಪ್ಪಲಿ ಕೊಡವಿ, ಟವೆಲ್ ಕೊಡವಿ ಸುಸ್ತಾಗಿದೆ. ನನ್ನ ಮನೆಯಲ್ಲಿ ನಾನು ಕಳ್ಳಿಯ ಹಾಗೆ ಹೆಜ್ಜೆ ಇಡಬೇಕೇ? ತಲೆ ಕೆಟ್ಟಿತು.

ನಮ್ಮವರು ಬೆಳಿಗ್ಗೆ ಬೀರುವಿನ ಹಿಂದಿನ ಚಪ್ಪಟೆಯನ್ನು ದೊಡ್ಡ ಜಾಡಿಯಲ್ಲಿ ಹಿಡಿದಿದ್ದರು. ಅತ್ತೆ ಅದಕ್ಕೆ ದೊಡ್ಡಮ್ಮ ಎನ್ನುತ್ತಾರೆ. ಮುಚ್ಚಳ ತೆಗೆದು ಬಲಗೈಯನ್ನು ಮಣಿಕಟ್ಟಿನವರೆಗೆ ಒಳಗೆ ಹಾಕಿದೆ.

“ಕಚ್ಚು. ಧೈರ್ಯ ಇದ್ರೆ ಈಗ ಕಚ್ಚು. ನಿದ್ದೆಯಲ್ಲಿದ್ದಾಗ ಅಲ್ಲ, ಕಣ್ಣು ಬಿಟ್ಟು ಕೂತಿದೀನಿ, ಈಗ!”

ಅತ್ತೆ ಚೀರಿದ ಚೀರಿಗೆ ಪಕ್ಕದ ಮನೆಯ ಬಾಗಿಲು ತೆಗೆದ ಸದ್ದಾಯಿತು. ನಮ್ಮವರ ಕೈಯಿಂದ ಯಾರದೋ ಗಡಿಯಾರದ ಸ್ಪ್ರಿಂಗ್ ಹಾರಿ ಎಲ್ಲೋ ಬಿತ್ತು.

ದೊಡ್ಡಮ್ಮ ಜಾಡಿಯ ಆಚೆ ಗೋಡೆಗೆ ಅಂಟಿ ಕೂತಿತು. ನಾನು ಬೆರಳು ಮುಂದೆ ಚಾಚಿದರೆ ಅದು ಕಾಲುಗಳನ್ನು ಒಳಕ್ಕೆ ಎಳೆದುಕೊಂಡಿತು. ಇನ್ನೂ ಚಾಚಿದೆ. ನನ್ನ ತೋಳಿನ ಮೇಲೆಯೇ ಓಡಿ, ಭುಜ ಹತ್ತಿ, ಬೆನ್ನಿನ ಮೇಲಿಂದ ಇಳಿದು ಮತ್ತೆ ಬೀರುವಿನ ಹಿಂದೆ ಮಾಯ. ನನ್ನ ಜೀವ ಬಾಯಿಗೆ ಬಂದಿತ್ತು, ಸುಳ್ಳೇಕೆ ಹೇಳಲಿ. ಆದರೆ ಅದಕ್ಕಿಂತ ಹೆಚ್ಚು ಅವಮಾನವಾಯಿತು. ಎಂಟು ಕಣ್ಣಿನಲ್ಲಿ ಒಂದರಿಂದಲೂ ನನ್ನನ್ನು ಸರಿಯಾಗಿ ನೋಡಲಿಲ್ಲ.

ಅದರ ಹೊಟ್ಟೆಯ ಕೆಳಗೆ ಬಿಳಿಯ, ಚಪ್ಪಟೆಯಾದ ಗುಂಡಿಯಂಥದ್ದು ಇತ್ತು. ಮೊಟ್ಟೆಯ ಚೀಲ ಎಂದು ನಮ್ಮವರು ಪುಸ್ತಕ ನೋಡಿ ಹೇಳಿದರು. ಕೋಟಿನ ತೋಳಿನ ಗುಂಡಿಯಷ್ಟು. ಮೊಟ್ಟೆ ಒಡೆಯುವವರೆಗೆ ಅದನ್ನು ಹೊತ್ತುಕೊಂಡೇ ತಿರುಗುತ್ತದಂತೆ, ಊಟವನ್ನೂ ಬಿಟ್ಟು.

ಮಾರ್ಚ್ 15, ಶನಿವಾರ

ಎರಡು ಸಂಗತಿ.

ಒಂದು: ಅತ್ತೆಯನ್ನು ಜೇಡ ಕಚ್ಚಿತು. ನಿಜವಾಗಿ. ಟವೆಲಿನಲ್ಲಿ ಕತ್ತು ಒರೆಸಿಕೊಳ್ಳುವಾಗ ಪೊಲೀಸಪ್ಪ ನಡುವೆ ಸಿಕ್ಕಿಬಿದ್ದು ಕಚ್ಚಿದ. “ಸತ್ತೆ! ಸತ್ತೆ ಕಣ್ರೋ! ಮಗನ್ನ ಕರೀರಿ!” ಎಂದು ಎದುರಿಗೇ ಇದ್ದ ಮಗನನ್ನು ಕರೆಯಲು ಹೇಳಿದರು. ಸಾಸಿವೆಯಷ್ಟು ಕೆಂಪಗಾಯಿತು. ಸ್ವಲ್ಪ ತುರಿಸಿತು. ಸಂಜೆ ಕಾಫಿಯ ಹೊತ್ತಿಗೆ ಭೂತಗನ್ನಡಿ ಹಾಕಿ ಹುಡುಕಿದರೂ ಜಾಗ ಸಿಗಲಿಲ್ಲ. ಅತ್ತೆಗೆ ಸ್ವಲ್ಪ ನಿರಾಸೆಯೇ ಆಯಿತು.

ಎರಡು: ಔಷಧಿ ಹೊಡೆಯುವವನು ಬೆನ್ನಿಗೆ ಡಬ್ಬ ಕಟ್ಟಿಕೊಂಡು ಬಂದ. ಅತ್ತೆಗೆ ಉಬ್ಬಸ.

“ನೀನು ಅದನ್ನ ಹೊಡೆದ್ರೆ ಮೊದಲು ಹೋಗೋಳು ನಾನು, ಆಮೇಲೆ ಜೇಡ. ಯಾರಿಗೆ ಹೊಡೆಯಕ್ಕೆ ಬಂದಿದೀಯ ಹೇಳು” ಎಂದು ಬಾಗಿಲಲ್ಲೇ ನಿಲ್ಲಿಸಿದರು.

ಮಾಲೀಕರು ಕಳಿಸಿದ್ದು ಎಂದು ಅವನೆಂದ. “ಹಾಗಾದ್ರೆ ಮಾಲೀಕರ ಮನೆಗೇ ಹೊಡಿ” ಎಂದರು ಅತ್ತೆ. ನನಗೆ ಮಾಲೀಕರ ಮುಂದೆ ಮುಖ ತೋರಿಸುವುದು ಹೇಗೆ ಎನಿಸಿತು. ಆದರೆ ದೊಡ್ಡಮ್ಮನ ಚೀಲ ನೆನಪಾಗಿ ನಾನೂ ಒಳಗೆ ಬನ್ನಿ ಎನ್ನಲಿಲ್ಲ. ನನ್ನನ್ನು ಕಚ್ಚಿದ್ದು ಇನ್ನೂ ಸಿಗದ ಬೇರೆ ಯಾವುದೋ ಜೇಡ ಇರಬೇಕು.

ಗಾಯ: ಕೋಟಿನ ಗುಂಡಿಯಷ್ಟು. ನಡುವೆ ಕಪ್ಪು. ಉರಿ ಕಡಿಮೆಯಾಗಿದೆ, ಬೆರಳಿನ ತುದಿ ಮಾತ್ರ ಮರಗಟ್ಟಿದ ಹಾಗಿದೆ.

ಮಾರ್ಚ್ 17, ಸೋಮವಾರ

ಅಂಗಡಿಗೆ ಹೋಗಿದ್ದೆ. ಹೋಗಬಾರದಿತ್ತು.

ನನ್ನ ಮೇಜಿನಲ್ಲಿ ಸಂಜೆಯವಳು ಕೂತಿದ್ದಳು. ಸಂಜೆಯ ಪಾಳಿಯಲ್ಲಿ ಬಟ್ಟೆ ಮಡಿಕೆ ಹಾಕುವವಳು, ಆದ್ದರಿಂದ ಆ ಹೆಸರು. ನಾನಿಲ್ಲದ್ದಕ್ಕೆ ಅವಳನ್ನು ಕಲೆಯ ಮೇಜಿಗೆ ಕೂರಿಸಿದ್ದಾರೆ. ಅವಳ ಎಡಗೈ ತೋರುಬೆರಳಿಗೆ ಬ್ಯಾಂಡೇಜು.

“ಏನಾಯ್ತೇ?”

ಅವಳು ಬ್ಯಾಂಡೇಜು ಸರಿಸಿ ತೋರಿಸಿ ಮುಖ ತಗ್ಗಿಸಿದಳು. “ನನ್ಗೂ ಜೇಡ ಅಂತೆ ಅಕ್ಕಾ. ಮೊನ್ನೆ ಬೆಳಿಗ್ಗೆ ಎದ್ದಾಗ ಹೀಗಾಗಿತ್ತು. ಬೇಜಾರು ಮಾಡ್ಕೋಬೇಡಿ... ನಿಮ್ಮ ಬುತ್ತಿ ಚೀಲದಲ್ಲಿ ಅಂಗಡಿಗೆ ಬಂದಿರ್ಬೇಕು ಅಂತ ಮಾಲೀಕರು ಹೇಳಿದ್ರು. ನಿಮ್ಮ ಮನೇಲಿ ಲೋಟದ ತುಂಬಾ ಸಾಕಿದೀರಂತೆ.”

ಮೊಳೆಗೆ ತೂಗುಹಾಕಿದ್ದ ನನ್ನ ಹಳೆಯ ಏಪ್ರನ್ ಅಲ್ಲಿರಲಿಲ್ಲ. ಸುಟ್ಟರಂತೆ. ಇಸ್ತ್ರಿಯವರು ನನ್ನ ಪಕ್ಕ ಬರದೆ ಸುತ್ತಿ ಹೋದರು. ನಾನು ಸಂಜೆಯವಳ ಬಲಗೈ ಹಿಡಿದು “ತಪ್ಪಾಯ್ತು ಕಣೇ” ಎಂದೆ. ಅವಳು ಅತ್ತಳು. ನಾನು ಅಳಲಿಲ್ಲ, ಮನೆಗೆ ಬಂದು ಬುತ್ತಿ ಚೀಲವನ್ನು ಕುದಿಯುವ ನೀರಿಗೆ ಹಾಕಿದೆ.

ಮಾರ್ಚ್ 18, ಮಂಗಳವಾರ

ಬಿಸಿ ಲೋಟ ಹಿಡಿದೆ. ತೋರುಬೆರಳಿಗೆ ಗೊತ್ತಾಗಲಿಲ್ಲ.

ಮಾರ್ಚ್ 19, ಬುಧವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಪೆನ್ನನ್ನು ಹೆಬ್ಬೆರಳಿಗೂ ನಡುಬೆರಳಿಗೂ ನಡುವೆ ಹಿಡಿದಿದ್ದೇನೆ. ಬರೆಯಲೇಬೇಕು, ಬಲಗೈಯ ನಿಧಾನ ಇವತ್ತಿಗೆ ಸಾಲದು.

ಬೆಳಿಗ್ಗೆ ನಮ್ಮವರು ನನ್ನ ಬೆರಳನ್ನು ಗಡಿಯಾರದ ದೀಪದ ಕೆಳಗೆ ಇಟ್ಟುಕೊಂಡು ನೋಡುತ್ತಿದ್ದರು.

“ಅಮ್ಮನಿಗೆ ಕಚ್ಚಿದಾಗ ಚುಕ್ಕೆ ಕಂಡಿತ್ತು ಕಣೇ. ಇದ್ರಲ್ಲಿ ಚುಕ್ಕೆನೇ ಇಲ್ಲ. ಇದು ಚುಚ್ಚಿದ ಹಾಗಿಲ್ಲ. ಏನೋ ಸುರಿದ ಹಾಗಿದೆ.”

ಸುರಿದ ಹಾಗಿದೆ. ಗಡಿಯಾರದವರು ಹೇಳಬೇಕಾಯಿತು ನನಗೆ! ಹದಿನೈದು ದಿನ ಗುಂಡಿಯ ಅಳತೆ ಬರೆದೆ, ಲೋಟ ಬೋರಲು ಹಾಕಿದೆ, ಜೇಡ ಯಾವುದು ಜೇಡ ಯಾವುದು ಎಂದು ಬೀರುವಿನ ಹಿಂದೆ ಇಣುಕಿದೆ. ಕಲೆ ಯಾವುದು ಎಂದು ಒಂದು ಸಲವೂ ಕೇಳಿಕೊಳ್ಳಲಿಲ್ಲ. ಒಂದು ರಸೀದಿ ಹರಿದು ಬರೆದೆ. ವಸ್ತು: ಎಡಗೈ ತೋರುಬೆರಳು. ಕಲೆ: ಬೆರಳಿನ ಪಕ್ಕದಲ್ಲಿ, ಮೊದಲ ಗೆಣ್ಣಿನ ಹತ್ತಿರ ಶುರು, ತುದಿಯ ಕಡೆ ಹರಿದಿದೆ. ಹೊರಗಿನಿಂದ ಒಳಕ್ಕೆ ಇಳಿದದ್ದು.

ಇನ್ನೊಂದು ರಸೀದಿಯಲ್ಲಿ ಸಂಜೆಯವಳ ಬೆರಳು. ಅದೇ ಬೆರಳು. ಅದೇ ಪಕ್ಕ. ಅದೇ ಗೆಣ್ಣು. ಅವಳು ಎಡಚಿಯಲ್ಲ. ಕೆಲಸ ಮಾಡುವುದು ಬಲಗೈಯಲ್ಲಿ, ಗಾಯ ಎಡಗೈಯಲ್ಲಿ. ಎರಡು ಷರ್ಟಿಗೆ ಒಂದೇ ಜಾಗದಲ್ಲಿ ಒಂದೇ ಕಲೆ ಬಂದರೆ ನಾವು ಷರ್ಟು ಹಾಕಿದವರನ್ನು ಕೇಳುವುದಿಲ್ಲ, ಅವೆರಡೂ ತೂಗಿದ್ದ ಹ್ಯಾಂಗರನ್ನು ನೋಡುತ್ತೇವೆ. ನಮ್ಮಿಬ್ಬರ ಬೆರಳೂ ಹೊಕ್ಕಿದ್ದು ಒಂದೇ ಕಡೆ. ಮೇಜಿನ ಮೇಲಿನ ರಬ್ಬರ್ ಗವಸು. ತುಕ್ಕಿನ ಕಲೆ ತೆಗೆಯುವ ನೀರು ಮುಟ್ಟುವಾಗ ಹಾಕಿಕೊಳ್ಳುವ ಜೊತೆ. ಇಡೀ ಅಂಗಡಿಗೆ ಒಂದೇ ಜೊತೆ.

ಆ ಗವಸಿನಲ್ಲಿ ತೂತಿತ್ತು.

ಇದನ್ನು ಬರೆಯಲು ಕೈ ಬರುತ್ತಿಲ್ಲ, ಗಾಯದಿಂದಲ್ಲ. ಆ ತೂತು ನನಗೆ ಗೊತ್ತಿತ್ತು. ಫೆಬ್ರವರಿಯಲ್ಲೇ ನೋಡಿದ್ದೆ. ಸೂಜಿಮೊನೆಯಷ್ಟು. ಹೊಸದು ಬೇಕು ಎಂದು ಕೇಳಿದ್ದೆ. “ಇದು ಇನ್ನೂ ಬರುತ್ತೆ ಎಡಚಮ್ಮ, ನಿಮ್ಮ ಕೈಗೆ ಸಿಕ್ಕಿದ್ದು ಯಾವ್ದು ಹಾಳಾಗಿದೆ?” ಎಂದಿದ್ದರು ಮಾಲೀಕರು. ನಾನು ಉಬ್ಬಿಹೋದೆ. ಕಾಲರ್ ಅಂಟಿಸುವ ಅಂಟನ್ನು ಚುಕ್ಕಿ ಇಟ್ಟು ಮುಚ್ಚಿದೆ. ಊದಿ ನೋಡಿದೆ, ಗಾಳಿ ಹೋಗಲಿಲ್ಲ. ನನ್ನ ಕೈಚಳಕವನ್ನು ನಾನೇ ಮೆಚ್ಚಿಕೊಂಡೆ. ತುಕ್ಕನ್ನೇ ಕರಗಿಸುವ ನೀರು ಅಂಟನ್ನು ಬಿಡುತ್ತದೆಯೇ? ಈ ಮಾತು ಹತ್ತೊಂಬತ್ತು ವರ್ಷದ ಅನುಭವಿಗೆ ಹೊಳೆಯಲಿಲ್ಲ. ಆ ಗವಸನ್ನೇ ಆ ಹುಡುಗಿ ಹಾಕಿಕೊಂಡಳು.

ಜೇಡಕ್ಕೆ ಕೊಬ್ಬು ಎಂದು ಬರೆದಿದ್ದೆ. ಹಿಂದಿನ ಹಾಳೆಯಲ್ಲಿದೆ. ಆ ಸಾಲನ್ನು ಹೊಡೆದುಹಾಕುವುದಿಲ್ಲ, ಇರಲಿ.

ಮಾರ್ಚ್ 20, ಗುರುವಾರ

ಬೆಳಿಗ್ಗೆಯೇ ಸಂಜೆಯವಳ ಮನೆಗೆ ಹೋಗಿ ಎಲ್ಲ ಹೇಳಿದೆ, ಅಂಟಿನ ಕತೆಯನ್ನೂ ಸೇರಿಸಿ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ತನ್ನ ಬ್ಯಾಂಡೇಜನ್ನೇ ನೋಡುತ್ತ, “ಹಾಗಾದ್ರೆ ನಮ್ಮನೆ ಜೇಡ ಹೊಡೀಬೇಡ ಅಂತ ಅಮ್ಮನಿಗೆ ಹೇಳ್ಬೇಕು” ಎಂದಳು.

ಮೇಜಿನ ಮೇಲಿರುವುದು ಹೆಸರಿಲ್ಲದ ಸಣ್ಣ ಬಾಟಲಿ. ಅದಕ್ಕೆ ಸುರಿಯುವ ದೊಡ್ಡ ಕ್ಯಾನು ಒಳಕೋಣೆಯಲ್ಲಿರುತ್ತದೆ. ಸಂಜೆಯವಳು ಹ್ಯಾಂಗರ್ ತರುವ ನೆಪದಲ್ಲಿ ಹೋಗಿ ಅದರ ಚೀಟಿಯ ಫೋಟೋ ಹೊಡೆದು ತಂದಳು. ತಲೆಬುರುಡೆಯ ಚಿತ್ರವಿದೆ. ಹತ್ತೊಂಬತ್ತು ವರ್ಷ ನಾನು ಆ ಚೀಟಿ ನೋಡಿಲ್ಲ.

ಇಬ್ಬರೂ ದೊಡ್ಡಾಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರಮ್ಮ ಬೆರಳು ನೋಡುವ ಮೊದಲು “ಏನು ಕೆಲಸ ಮಾಡ್ತೀರಾ?” ಎಂದು ಕೇಳಿದರು. ಒಂದೇ ಪ್ರಶ್ನೆ. ಫೋಟೋ ನೋಡಿದವರೇ ಎದ್ದು ನಿಂತರು.

“ಇದು ಸುಟ್ಟ ಗಾಯ. ಈ ನೀರು ತಗುಲಿದ ತಕ್ಷಣ ಗೊತ್ತಾಗಲ್ಲ. ಎಷ್ಟೋ ಗಂಟೆ ಆದ್ಮೇಲೆ ಉರಿ ಶುರುವಾಗುತ್ತೆ, ಅಷ್ಟೊತ್ತಿಗೆ ಒಳಗೆ ಇಳಿದಿರುತ್ತೆ.”

ಸಂಜೆಯವಳ ಬೆರಳು ಉಳಿಯುತ್ತದೆ, ಪೂರ್ತಿ. ನನ್ನದೂ ಉಳಿಯುತ್ತದೆ. ಆದರೆ ತುದಿಯ ಸ್ಪರ್ಶ ಮರಳುವುದು ಕಷ್ಟ. “ಅವತ್ತೇ ಬಂದಿದ್ರೆ...” ಎಂದು ಡಾಕ್ಟರಮ್ಮ ನಿಲ್ಲಿಸಿದರು. ಅವತ್ತೇ ಹೋಗಿದ್ದೆ, ಬೇರೆ ಬಾಗಿಲಿಗೆ.

ಬಸ್ಸಿನಲ್ಲಿ, ನಮ್ಮತ್ತೆ ಚೀರುವ ಹಾಗೆ, ಗಟ್ಟಿಯಾಗಿ ಅತ್ತುಬಿಟ್ಟೆ ನಾನು. ಜನ ನೋಡಿದರು, ನೋಡಲಿ. ಎಣ್ಣೆಗೂ ಹಾಲಿಗೂ ವ್ಯತ್ಯಾಸ ಹೇಳುತ್ತಿದ್ದ ಬೆರಳು ಅದು. ಮದುವೆಯಾದ ಹೊಸತರಲ್ಲಿ ನಮ್ಮವರ ಕೆನ್ನೆ ಸವರಿದ್ದೂ ಅದೇ ಬೆರಳು.

ಮಾರ್ಚ್ 24, ಸೋಮವಾರ

ಹೋದೆ. ಅಂಗಡಿ ತೆರೆಯುವ ಹೊತ್ತಿಗೇ, ಗಿರಾಕಿಗಳು ಇರುವಾಗಲೇ.

ಮಾಲೀಕ ನಕ್ಕು, “ಬನ್ನಿ ಎಡಚಮ್ಮ, ಕೈ ವಾಸಿಯಾಯ್ತಾ? ಸಹಿ ಹಾಕಿ, ಮೇಜಿಗೆ ಕೂತ್ಕೊಳ್ಳಿ” ಎಂದು ಟೈಪಾದ ಅರ್ಜಿಯನ್ನು ಕೌಂಟರಿನ ಮೇಲೆ ಹಾಸಿದ.

“ಜೇಡ ಕಚ್ಚಿಲ್ಲ” ಎಂದೆ.

“ಡಾಕ್ಟರೇ ಹೇಳಿದಾರಲ್ಲಮ್ಮ. ನೀವು ಡಾಕ್ಟರಿಗಿಂತ ದೊಡ್ಡೋರಾ?”

“ಅವರು ಬೆರಳು ನೋಡಿದ್ರು. ಗವಸು ನೋಡ್ಲಿಲ್ಲ. ನೀವು ನೋಡಿ.”

ಸಂಜೆಯವಳು ಎಡಗೈ ಗವಸು ತಂದುಕೊಟ್ಟಳು, ಇಕ್ಕಳದಲ್ಲಿ ಹಿಡಿದು. ಮೂರು ದಿನ ಹರಿಯುವ ನೀರಿನಲ್ಲಿ ತೊಳೆದಿಟ್ಟಿದ್ದಳು. ನಲ್ಲಿಯ ಕೆಳಗೆ ಹಿಡಿದು ತುಂಬಿಸಿದೆ, ಮಣಿಕಟ್ಟಿನ ಕಡೆ ತಿರುಚಿ, ಕೌಂಟರಿನ ಮೇಲೆ ಎತ್ತಿ ಹಿಂಡಿದೆ. ಗವಸು ಉಬ್ಬಿತು, ಐದು ಬೆರಳೂ ನೆಟ್ಟಗಾದವು. ತೋರುಬೆರಳಿನ ಪಕ್ಕದಿಂದ, ಮೊದಲ ಗೆಣ್ಣಿನ ಹತ್ತಿರ, ದಾರದಷ್ಟು ಸಣ್ಣಗೆ ನೀರು ಚಿಮ್ಮಿತು. ನಾನು ನನ್ನ ಬೆರಳನ್ನು ಪಕ್ಕದಲ್ಲಿ ಹಿಡಿದೆ. ಸಂಜೆಯವಳು ಬ್ಯಾಂಡೇಜು ಬಿಚ್ಚಿ ಅವಳದನ್ನೂ ಹಿಡಿದಳು. ಗವಸಿಗೆ ಒಂದು, ನಮಗೆ ಎರಡು, ಮೂರೂ ಒಂದೇ ಜಾಗ. ಇಸ್ತ್ರಿಯವರು ಪೆಟ್ಟಿಗೆ ನಿಲ್ಲಿಸಿ ಬಂದು ನೋಡಿದರು.

ಮಾಲೀಕನ ಮುಖ ಇಳಿಯಿತು. ಆದರೆ ಬಾಯಿ ಇಳಿಯಲಿಲ್ಲ. “ಅಲ್ಲಿ ಅಂಟು ಹಚ್ಚಿದ್ದು ಯಾರು? ನೀವೇ ಅಲ್ವಾ?”

ಇದನ್ನು ಕೇಳುತ್ತಾನೆ ಎಂದು ಗೊತ್ತಿತ್ತು.

“ಹೌದು, ನಾನೇ. ಹೊಸದು ಕೇಳ್ದೆ, ನೀವು ಇನ್ನೂ ಬರುತ್ತೆ ಅಂದ್ರಿ, ನಾನು ಅಂಟು ಹಚ್ದೆ. ನನ್ನ ತಪ್ಪು ನಾನು ಬರ್ಕೊಡ್ತೀನಿ. ನಿಮ್ಮದು ನೀವು ಬರೀರಿ. ಜೇಡದ ಹೆಸರಲ್ಲಿ ನಾನು ಸಹಿ ಹಾಕಲ್ಲ.”

ಅರ್ಜಿಯನ್ನು ತಿರುಗಿಸಿ ಹಿಂಬದಿಯಲ್ಲಿ, ಎಡಗೈಯಲ್ಲಿ ಬರೆದೆ: ‘ಇದು ಜೇಡ ಕಚ್ಚಿದ ಗಾಯವಲ್ಲ. ಅಂಗಡಿಯ ತುಕ್ಕಿನ ನೀರು ತೂತಾದ ಗವಸಿನಿಂದ ಒಳಗೆ ಹೋಗಿ ಸುಟ್ಟದ್ದು. ತೂತಿನ ವಿಷಯ ನನಗೂ ಗೊತ್ತಿತ್ತು, ಮಾಲೀಕರಿಗೂ ಗೊತ್ತಿತ್ತು.’ ಸಹಿ ಹಾಕಿದೆ. ಸಂಜೆಯವಳು ಕೆಳಗೆ ಅವಳದನ್ನು ಹಾಕಿದಳು.

“ಬೆರಳಿಗೆ ಸ್ಪರ್ಶನೇ ಇಲ್ಲದೋರು ಕಲೆ ಮೇಜಿಗೆ ಕೂತು ಏನ್ ಮಾಡ್ತೀರಾ? ಬೇರೆಯೋರು ಸಿಗ್ತಾರೆ ನನಗೆ” ಎಂದ ಮಾಲೀಕ.

“ಇನ್ನೂ ಒಂಬತ್ತು ಬೆರಳಿವೆ” ಎಂದು ಹೇಳಿ ನನ್ನ ಸ್ಟೂಲಿನ ಮೇಲೆ ಕೂತೆ.

ಆಗ ಕರಿ ಕೋಟು ಒಯ್ಯಲು ಬಂದು ಅಷ್ಟು ಹೊತ್ತಿನಿಂದ ರಸೀದಿ ಹಿಡಿದು ನಿಂತಿದ್ದ ವಕೀಲರು ಕೆಮ್ಮಿದರು. “ಆ ಗವಸು ಎಸೀಬೇಡಿ ತಾಯಿ. ಆ ಕಾಗದಾನೂ. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನಿಮ್ಮ ಹತ್ರಾನೇ ಇಟ್ಕೊಳ್ಳಿ.” ಮಾಲೀಕ ಅವರ ಕೋಟನ್ನು ತಾನೇ ಹುಡುಕಿ, ತಾನೇ ಮಡಚಿ ಕೊಟ್ಟ.

ಮಾರ್ಚ್ 28, ಶುಕ್ರವಾರ

ಹೊಸ ಗವಸು ಬಂದಿವೆ, ನಾಲ್ಕು ಜೊತೆ. ಬಾಟಲಿಗೆ ಚೀಟಿ ಅಂಟಿಸುವವರೆಗೆ ತುಕ್ಕಿನ ಕಲೆ ಮುಟ್ಟುವುದಿಲ್ಲ ಎಂದು ಸಂಜೆಯವಳು ಕೈ ಕಟ್ಟಿ ಕೂತಿದ್ದಾಳೆ. ತುಕ್ಕಿನ ಬಟ್ಟೆಗಳು ಒಂದು ರಾಶಿ ಆಗಿವೆ. ಮಾಲೀಕ ನನ್ನ ಜೊತೆ ಮಾತಾಡುವುದಿಲ್ಲ. ನನಗೂ ಗಂಟಲು ಉಳಿಯುತ್ತದೆ. ನಡುಬೆರಳಿಗೆ ಕೆಲಸ ಕಲಿಸುತ್ತಿದ್ದೇನೆ. ಅದು ಇಷ್ಟು ವರ್ಷ ಸೋಮಾರಿಯಾಗಿ ಬೆಳೆದಿದೆ, ಇವತ್ತು ಹಾಲನ್ನು ಅಂಟು ಎಂದಿತು.

ಏಪ್ರಿಲ್ 9, ಬುಧವಾರ

ಬಾಟಲಿಗೆ ಚೀಟಿ ಬಿತ್ತು. ತಲೆಬುರುಡೆಯ ಸಮೇತ. ನಮ್ಮ ಕಾಗದದ ನಕಲನ್ನು ವಕೀಲರು ಎಲ್ಲಿಗೆ ಕಳಿಸಬೇಕೋ ಅಲ್ಲಿಗೆ ಕಳಿಸಿದ್ದಾರೆ. ಕಾರ್ಮಿಕ ಇಲಾಖೆಯವರು ವಿಚಾರಣೆಗೆ ಬರುತ್ತಾರಂತೆ. ಕರೆದರೆ ಹೋಗುತ್ತೇನೆ. ಅಂಟಿನ ಮಾತಿನಿಂದಲೇ ಶುರು ಮಾಡುತ್ತೇನೆ.

ಬೆಳಿಗ್ಗೆ ಬೀರುವಿನ ಮೇಲೆ ಗಲಾಟೆ. ದೊಡ್ಡಮ್ಮನ ಚೀಲ ಒಡೆದು ಗೋಡೆಯ ತುಂಬ ಸಾಸಿವೆ ಚೆಲ್ಲಿದ ಹಾಗೆ ಮರಿಗಳು. ನಾನು ಅಭ್ಯಾಸಬಲದಿಂದ ಪೊರಕೆಗೆ ಕೈ ಹಾಕಿದೆ, ಬರೀ ನೆಲ ಗುಡಿಸಲು. ಅತ್ತೆ ಕುರ್ಚಿಯಿಂದಲೇ ಗದರಿದರು.

“ಇಡೇ ಅದನ್ನ ಕೆಳಗೆ! ಮಾಡದ ತಪ್ಪಿಗೆ ನಾಲ್ಕು ಜೀವ ಹೋಗಿದೆ ಈ ಮನೇಲಿ. ಸಾಕು.”

ಕಿಟಕಿ ತೆರೆದಿಟ್ಟೆವು. ಹೋಗುವವು ಹೋದವು. ನಮ್ಮವರು ಭೂತಗನ್ನಡಿ ಹಾಕಿಕೊಂಡು ಒಂದೊಂದರ ಕಣ್ಣನ್ನೂ ಎಣಿಸುತ್ತ ಕೂತಿದ್ದಾರೆ, ಯಾರದೋ ಗಡಿಯಾರ ಎದುರಿಗೆ ಬಿಚ್ಚಿದ್ದು ಬಿಚ್ಚಿದ ಹಾಗೇ ಇದೆ. ಅವರ ಹಿಂದೆ ನಿಂತು ಕೆನ್ನೆ ಸವರಿದೆ. ತೋರುಬೆರಳಿಗೆ ಏನೂ ತಿಳಿಯಲಿಲ್ಲ. ನಡುಬೆರಳು ಹೇಳಿತು: ಶೇವ್ ಮಾಡಿಲ್ಲ.

ಗಾಯ ಮುಚ್ಚಿದೆ. ಇನ್ನು ಬರೆದಿಡಬೇಕಾಗಿಲ್ಲ ಎಂದಿದ್ದಾರೆ ಡಾಕ್ಟರಮ್ಮ. ಕೊನೆಯ ರಸೀದಿಯೊಂದು ಉಳಿದಿತ್ತು, ಅದರ ಮುಂಬದಿಯಲ್ಲೇ ತುಂಬಿದೆ.

ವಸ್ತು: ಎಡಗೈ. ಬಣ್ಣ: ಗುರುತಿನ ಸುತ್ತ ಹೊಸ ಚರ್ಮ, ಗುಲಾಬಿ. ಕಲೆ: ಕೋಟಿನ ಗುಂಡಿಯಷ್ಟು. ಷರಾ: ಹೋಗುವುದಿಲ್ಲ.

ಕೆಳಗಿನ ಸಣ್ಣ ಅಕ್ಷರದ ‘ಅಂಗಡಿ ಹೊಣೆಯಲ್ಲ’ ಎಂಬ ಸಾಲನ್ನು ಎಡಗೈಯಿಂದಲೇ, ಒಂದೇ ಗೆರೆಯಲ್ಲಿ ಹೊಡೆದುಹಾಕಿದ್ದೇನೆ. ನಾಳೆ ಅಂಗಡಿಗೆ ಹೋದಾಗ ಇದನ್ನು ಕೌಂಟರಿನ ಮೊಳೆಗೆ ಸಿಕ್ಕಿಸುತ್ತೇನೆ, ಉಳಿದ ಗಿರಾಕಿಗಳ ರಸೀದಿಗಳ ಜೊತೆ.